ಶಾಲೆಯ ಸಿಕ್ ರೂಮಿಗೆ ಹೊಸದಾಗಿ ಸೇರುತ್ತಿರುವ ಸಿಸ್ಟರ್‌ಗಳಿಗೆ

ಜಿಎನ್‌ಎಂ ಅಥವಾ ಬಿಎಸ್‌ಸಿ ನರ್ಸಿಂಗ್ ಮುಗಿಸಿ, ಒಂದಷ್ಟು ವರ್ಷ ವಾರ್ಡಿನಲ್ಲೋ ಐಸಿಯುನಲ್ಲೋ ದುಡಿದು, ನೈಟ್ ಡ್ಯೂಟಿ ಸಾಕಾಗಿ ಬೆಂಗಳೂರಿನ ಯಾವುದಾದರೂ ಶಾಲೆಯಲ್ಲಿ ಕೆಲಸ ಹುಡುಕುತ್ತಿದ್ದೀರಾ? ಈ ಬರಹ ನಿಮಗೆ. ಶಾಲೆ ಕೆಲಸ ಅಂದರೆ ಆರಾಮ, ಬ್ಯಾಂಡೇಜ್ ಸುತ್ತಿಕೊಂಡು ಕೂತಿದ್ದರೆ ಆಯ್ತು ಅಂತ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಆ ಮಾತು ನಂಬಬೇಡಿ. ವಾರ್ಡಿನಲ್ಲಿ ಏನೇ ಆದರೂ ಡ್ಯೂಟಿ ಡಾಕ್ಟರ್ ಇರುತ್ತಾರೆ, ಪಕ್ಕದಲ್ಲಿ ಇನ್ನೊಬ್ಬ ಸಿಸ್ಟರ್ ಇರುತ್ತಾರೆ. ಶಾಲೆಯಲ್ಲಿ ಅಷ್ಟೂ ಮಕ್ಕಳಿಗೆ ನೀವೊಬ್ಬರೇ. ಮಗು ಹೊಟ್ಟೆ ಹಿಡಿದುಕೊಂಡು ಬಂದು ನಿಲ್ಲುತ್ತದೆ, ನೀವು ನೋಡಿ ತೀರ್ಮಾನ ಮಾಡಬೇಕು: ಕ್ಲಾಸಿಗೆ ವಾಪಸ್ ಕಳಿಸುವುದಾ, ಮನೆಗೆ ಕಳಿಸುವುದಾ, ಆಸ್ಪತ್ರೆಗೆ ಕರೆದುಕೊಂಡು ಹೋಗುವುದಾ. ಇಡೀ ಕೆಲಸ ಈ ಮೂರರಲ್ಲೇ ಇದೆ. ಆ ತೀರ್ಮಾನ ಸರಿಯಾಗಬೇಕಾದರೆ ಮಗು ನಿಮ್ಮ ಬಾಗಿಲಿಗೆ ಬರುವ ಮೊದಲೇ ಅದರ ಬಗ್ಗೆ ನಿಮಗೆ ಗೊತ್ತಿರಬೇಕು.

ಶಾಲೆಗೆ ನರ್ಸ್ ಯಾಕೆ ಅನ್ನೋ ಪ್ರಶ್ನೆಗೆ ಹಳೆಯ ಉತ್ತರ ಒಂದಿದೆ. 1902ರಲ್ಲಿ ನ್ಯೂಯಾರ್ಕ್‌ನಲ್ಲಿ ಡಾಕ್ಟರ್‌ಗಳು ಶಾಲೆಗೆ ಬಂದು ಕಣ್ಣಿನ ಸೋಂಕು, ಹೇನು, ಹುಳುಕಡ್ಡಿ ಇದ್ದ ಮಕ್ಕಳನ್ನು ಮನೆಗೆ ಅಟ್ಟುತ್ತಿದ್ದರು. ಮನೆಯಲ್ಲಿ ಔಷಧಿ ಮಾಡುವವರು ಯಾರೂ ಇರಲಿಲ್ಲ, ಹಾಗಾಗಿ ಮಕ್ಕಳು ಬೀದಿಯಲ್ಲೇ ಉಳಿದರು. ಲೀನಾ ರೋಜರ್ಸ್ ಎಂಬ ನರ್ಸನ್ನು ಒಂದು ತಿಂಗಳ ಮಟ್ಟಿಗೆ ನೋಡೋಣ ಅಂತ ಕಳಿಸಿದರು. ಆಕೆ ಸಣ್ಣಪುಟ್ಟದ್ದಕ್ಕೆ ಶಾಲೆಯಲ್ಲೇ ಔಷಧಿ ಹಚ್ಚಿದರು, ಸಂಜೆ ಮನೆಗಳಿಗೆ ಹೋಗಿ ತಾಯಂದಿರಿಗೆ ಹೇಳಿಕೊಟ್ಟರು, ಮಕ್ಕಳು ಮತ್ತೆ ಶಾಲೆಗೆ ಬಂದರು. ಇವತ್ತಿಗೂ ಲೆಕ್ಕ ಅದೇ. ಮಗುವನ್ನು ಮನೆಗೆ ಕಳಿಸುವುದು ಸುಲಭ. ಅದು ಆರೋಗ್ಯವಾಗಿ ಕ್ಲಾಸಿನಲ್ಲಿ ಕೂರುವ ಹಾಗೆ ಮಾಡುವುದಕ್ಕೆ ನಿಮ್ಮನ್ನು ಇಟ್ಟುಕೊಂಡಿರುವುದು.

ಸೇರುವ ಮುಂಚೆ ಬಾಯಿ ಬಿಟ್ಟು ಕೇಳಿ

ಮೊದಲು ನಿಮ್ಮ ಕಾಗದಪತ್ರ. ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ರಿಜಿಸ್ಟ್ರೇಷನ್ ಚಾಲ್ತಿಯಲ್ಲಿರಲಿ. ಬೇರೆ ರಾಜ್ಯದಲ್ಲಿ ರಿಜಿಸ್ಟರ್ ಆದವರು ಇಲ್ಲಿಯ ಕೌನ್ಸಿಲ್‌ನಲ್ಲೂ ಮಾಡಿಸಿಕೊಳ್ಳಬೇಕು. ಬೆಂಗಳೂರಿನಲ್ಲಿ ಕೇರಳ, ಈಶಾನ್ಯ ರಾಜ್ಯಗಳಿಂದ ಬಂದ ಸಿಸ್ಟರ್‌ಗಳು ತುಂಬಾ ಇದ್ದಾರೆ, ಅವರು ಇದನ್ನು ಮುಂದೂಡಬಾರದು.

ಇನ್ನು ಶಾಲೆಯನ್ನು ಕೇಳಬೇಕಾದ್ದು. ಶಾಲೆಗೆ ಗೊತ್ತುಮಾಡಿದ ಡಾಕ್ಟರ್ ಯಾರು? ಯಾವ ತೊಂದರೆಗೆ ಯಾವ ಔಷಧಿ, ಎಷ್ಟು ಅಂತ ಅವರು ಸಹಿ ಹಾಕಿ ಕೊಟ್ಟ ಸ್ಟ್ಯಾಂಡಿಂಗ್ ಆರ್ಡರ್ ಇದೆಯಾ? ನಾವು ಸ್ವಂತವಾಗಿ ಔಷಧಿ ಬರೆದುಕೊಡುವ ಹಾಗಿಲ್ಲ. ಆ ಹಾಳೆ ಮತ್ತು ಅಪ್ಪ ಅಮ್ಮನ ಒಪ್ಪಿಗೆ ಸಹಿ ಎರಡೂ ಇಲ್ಲದೆ ಪ್ಯಾರಾಸಿಟಮಾಲ್ ಮಾತ್ರೆಯನ್ನೂ ಕೊಡಬೇಡಿ, ಪ್ರಿನ್ಸಿಪಾಲ್ ಹೇಳಿದರೂ ಕೊಡಬೇಡಿ. ಹತ್ತಿರದ ಆಸ್ಪತ್ರೆ ಯಾವುದು, ಬೆಳಗ್ಗೆ 9 ಗಂಟೆ ಟ್ರಾಫಿಕ್‌ನಲ್ಲಿ ಅಲ್ಲಿಗೆ ಎಷ್ಟು ಹೊತ್ತು, ಶಾಲೆಯ ಗಾಡಿ ಸದಾ ಇರುತ್ತದಾ, ನೀವು ಮಗುವಿನ ಜೊತೆ ಆಸ್ಪತ್ರೆಗೆ ಹೋದರೆ ಸಿಕ್ ರೂಮಿನಲ್ಲಿ ಯಾರು ಇರುತ್ತಾರೆ, ಇದನ್ನೆಲ್ಲ ಸಂದರ್ಶನದಲ್ಲೇ ಕೇಳಿ. ಕೇಳಿದರೆ ತಪ್ಪು ತಿಳಿದುಕೊಳ್ಳುತ್ತಾರೇನೋ ಅಂತ ಸಂಕೋಚ ಬೇಡ, ಒಳ್ಳೆಯ ಶಾಲೆಯವರಿಗೆ ಇಂಥ ಪ್ರಶ್ನೆಯಿಂದ ನಿಮ್ಮ ಮೇಲೆ ನಂಬಿಕೆ ಹೆಚ್ಚುತ್ತದೆ. ಮತ್ತೊಂದು: ಖಾಲಿ ಕೂತಿದ್ದಾರಲ್ಲ ಅಂತ ರಿಸೆಪ್ಷನ್ ನೋಡಿಕೊಳ್ಳಿ, ಟೀಚರ್ ಬಂದಿಲ್ಲ ಯುಕೆಜಿ ಕ್ಲಾಸಲ್ಲಿ ಕೂತುಕೊಳ್ಳಿ ಅಂತ ಹೇಳುವುದು ಎಷ್ಟೋ ಕಡೆ ನಡೆಯುತ್ತದೆ. ನಿಮ್ಮ ಕೆಲಸ ಏನೇನು ಅನ್ನುವುದು ನೇಮಕಾತಿ ಆರ್ಡರ್‌ನಲ್ಲೇ ಬರಲಿ. ನೀವು ಯುಕೆಜಿಯಲ್ಲಿ ಇರುವಾಗ ಏಳನೇ ಕ್ಲಾಸಿನ ಹುಡುಗನಿಗೆ ಫಿಟ್ಸ್ ಬಂದರೆ ಯಾರಿಗೂ ನೀವು ಸಿಗುವುದಿಲ್ಲ.

ರೂಮು ನೆಲಮಹಡಿಯಲ್ಲಿ ಇರಲಿ, ಒಳಗೇ ನಲ್ಲಿ ಇರಲಿ, ಹತ್ತಿರ ಟಾಯ್ಲೆಟ್ ಇರಲಿ, ಸ್ಟ್ರೆಚರ್ ತಿರುಗುವಷ್ಟು ಬಾಗಿಲು ಇರಲಿ. ಮೆಟ್ಟಿಲ ಕೆಳಗಿನ ಸ್ಟೋರ್ ರೂಮನ್ನು ಖಾಲಿ ಮಾಡಿ ಮಂಚ ಹಾಕಿದ್ದರೆ ಮೊದಲ ತಿಂಗಳಲ್ಲೇ ಬದಲಿಸಿ ಅಂತ ಬರೆದುಕೊಡಿ.

ಫಾರಂನಲ್ಲಿ 'ಏನೂ ಇಲ್ಲ' ಅಂತ ಬರೆದಿರುತ್ತಾರೆ

ಅಡ್ಮಿಷನ್ ಫಾರಂ ಜೊತೆ ಹೆಲ್ತ್ ಫಾರಂ ಬಂದಿರುತ್ತದೆ. ಅದನ್ನು ನಂಬಿ ಕೂರಬೇಡಿ. ಮುಕ್ಕಾಲು ಪಾಲು ಫಾರಂಗಳಲ್ಲಿ ಕಾಯಿಲೆ ಇದೆಯಾ ಅನ್ನೋ ಜಾಗದಲ್ಲಿ 'ಇಲ್ಲ' ಅಂತಲೇ ಇರುತ್ತದೆ. ಕಾರಣ ಇದೆ. ಫಿಟ್ಸ್ ಇದೆ ಅಂದರೆ ಸೀಟು ಕೊಡುವುದಿಲ್ಲವೇನೋ ಅನ್ನುವ ಭಯ, ಹೆಣ್ಣು ಮಗುವಾದರೆ ನಾಳೆ ಮದುವೆ ಮಾತುಕತೆಯಲ್ಲಿ ತೊಡಕಾಗುತ್ತದೆ ಅನ್ನುವ ಭಯ, ಇನ್ನು ಕೆಲವರಿಗೆ ವೀಸಿಂಗ್ ಒಂದು ಕಾಯಿಲೆ ಅಂತಲೇ ಅನಿಸಿರುವುದಿಲ್ಲ, 'ಚಳಿಗಾಲದಲ್ಲಿ ಸ್ವಲ್ಪ ಕೆಮ್ಮು' ಅಷ್ಟೇ.

ಹಾಗಾಗಿ ಪ್ರಶ್ನೆ ಬದಲಿಸಿ. ಕಾಯಿಲೆ ಏನು ಅಂತ ಕೇಳಬೇಡಿ. ದಿನಾ ಯಾವ ಮಾತ್ರೆ ಕೊಡ್ತೀರಿ? ಉಸಿರಿಗೆ ಎಳೆದುಕೊಳ್ಳುವ ಪಂಪ್ (ಇನ್‌ಹೇಲರ್) ಏನಾದರೂ ಬಳಸ್ತಾನಾ? ಕಳೆದ ವರ್ಷ ಯಾವತ್ತಾದರೂ ಆಸ್ಪತ್ರೆಗೆ ಸೇರಿಸಿದ್ರಾ? ಯಾವ ತಿಂಡಿ ತಿಂದರೆ ಮೈ ದದ್ದು ಏಳುತ್ತೆ? ಚಿಕ್ಕವನಿದ್ದಾಗ ಜ್ವರ ಬಂದು ಫಿಟ್ಸ್ ಬಂದಿತ್ತಾ? ಹೀಗೆ ಕೇಳಿದರೆ ಉತ್ತರ ತಾನಾಗಿ ಬರುತ್ತದೆ. ಮೊದಲ ಪೇರೆಂಟ್ಸ್ ಮೀಟಿಂಗ್ ದಿನ ಬಾಗಿಲ ಹತ್ತಿರ ಒಂದು ಟೇಬಲ್ ಹಾಕಿಕೊಂಡು ಕೂತು ಅಮ್ಮಂದಿರ ಜೊತೆ ಮಾತಾಡಿ. ಫೋನಿನಲ್ಲಿ ಹೇಳದ್ದನ್ನು ಎದುರಿಗೆ ಹೇಳುತ್ತಾರೆ. ಅಜ್ಜಿ ಬಂದಿದ್ದರೆ ಇನ್ನೂ ಒಳ್ಳೆಯದು, ಅಜ್ಜಿಯರು ಏನನ್ನೂ ಮುಚ್ಚಿಡುವುದಿಲ್ಲ.

ಹೀಗೆ ಸಿಕ್ಕ ಮಾಹಿತಿಯಿಂದ ನಾಲ್ಕು ಗುಂಪಿನ ಮಕ್ಕಳನ್ನು ಬೇರೆ ಮಾಡಿ: ಉಬ್ಬಸ, ಟೈಪ್ 1 ಡಯಾಬಿಟಿಸ್, ಫಿಟ್ಸ್, ಜೋರು ಅಲರ್ಜಿ. ಪ್ರತಿ ಮಗುವಿಗೂ ಒಂದೇ ಹಾಳೆ. ಮೇಲೆ ಫೋಟೋ, ಹೆಸರು, ತೂಕ. ಕೆಳಗೆ ಏನಾಗಬಹುದು, ಆದರೆ ಮೊದಲು ಏನು ಮಾಡಬೇಕು, ಔಷಧಿ ಎಲ್ಲಿದೆ, ಯಾರಿಗೆ ಫೋನ್. ಮಗುವಿನ ಡಾಕ್ಟರ್ ಸಹಿ ಇರಲಿ. ಇದರ ಒಂದು ಪ್ರತಿ ಕ್ಲಾಸ್ ಟೀಚರ್‌ಗೆ, ಒಂದು ಪಿಟಿ ಮೇಷ್ಟ್ರಿಗೆ, ಒಂದು ವ್ಯಾನಿನಲ್ಲಿ ಬರುವ ಆಯಾಗೆ. ವ್ಯಾನನ್ನು ಮರೆಯಲೇಬೇಡಿ, ಸರ್ಜಾಪುರ ರಸ್ತೆಯಲ್ಲೋ ಸಿಲ್ಕ್ ಬೋರ್ಡ್ ಹತ್ತಿರವೋ ಒಂದು ಗಂಟೆ ನಿಂತ ಗಾಡಿಯಲ್ಲಿ ಮಗುವಿನ ಶುಗರ್ ಇಳಿದರೆ ಅಲ್ಲಿ ನೀವು ಇರುವುದಿಲ್ಲ.

ಆ ನಾಲ್ಕು, ಒಂದೊಂದಾಗಿ

ಉಬ್ಬಸ ಬೆಂಗಳೂರಿನ ಸಿಸ್ಟರ್‌ಗಳಿಗೆ ಅತಿ ಜಾಸ್ತಿ ಎದುರಾಗುವುದು. ಇಲ್ಲಿಯ ಮಕ್ಕಳ ಡಾಕ್ಟರ್ ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳನ್ನು ವರ್ಷಗಟ್ಟಲೆ ನೋಡಿ ಲೆಕ್ಕ ಕೊಟ್ಟಿದ್ದರು: 1979ರಲ್ಲಿ 9 ಶೇಕಡಾ ಮಕ್ಕಳಲ್ಲಿ ಇದ್ದ ಆಸ್ತಮಾ 1999ರಲ್ಲಿ 29.5 ಶೇಕಡಾ ಆಗಿತ್ತು. ಧೂಳು, ಗಾಡಿ ಹೊಗೆ, ಪಾರ್ಥೇನಿಯಂ ಎಲ್ಲ ಊರು ತುಂಬಾ ಇದೆ. ಮಗು ಒಂದು ವಾಕ್ಯ ಪೂರ್ತಿ ಹೇಳುವುದಕ್ಕಾಗದೆ ಮಧ್ಯೆ ಉಸಿರು ಎಳೆದರೆ, ಪಕ್ಕೆಲುಬಿನ ಮಧ್ಯದ ಚರ್ಮ ಒಳಕ್ಕೆ ಸೆಳೆದುಕೊಂಡರೆ ಕಾಯಬೇಡಿ. ನೆಟ್ಟಗೆ ಕೂರಿಸಿ, ಮಲಗಿಸಬೇಡಿ. ಡಾಕ್ಟರ್ ಆ ಮಗುವಿಗೆ ಬರೆದ ಪ್ಲಾನ್ ಪ್ರಕಾರ ಸಾಲ್ಬುಟಮಾಲ್ ಪಂಪ್ ಕೊಡಿ. ಸಾಮಾನ್ಯವಾಗಿ ಸ್ಪೇಸರ್ (ಪಂಪಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ) ಹಾಕಿ ಒಂದೊಂದೇ ಪಫ್, ಪ್ರತಿ ಪಫ್‌ಗೂ ನಾಲ್ಕು ಸಲ ಉಸಿರು, ಹೀಗೆ 4 ಪಫ್. 4 ನಿಮಿಷ ಕಾಯಿರಿ. ಕಡಿಮೆಯಾಗದಿದ್ದರೆ ಮತ್ತೆ 4. ಆಗಲೂ ಹಾಗೇ ಇದ್ದರೆ 108 ಆಂಬುಲೆನ್ಸ್‌ಗೆ ಕರೆ ಮಾಡಿ. ವೀಸ್ ಶಬ್ದ ನಿಂತಿತು ಅಂದ ತಕ್ಷಣ ಸಮಾಧಾನ ಪಡಬೇಡಿ. ಮಗು ಸುಸ್ತಾಗಿ, ತುಟಿ ನೀಲಿಯಾಗಿ, ಎದೆ ನಿಶ್ಶಬ್ದವಾಗಿದ್ದರೆ ಗಾಳಿಯೇ ಓಡಾಡುತ್ತಿಲ್ಲ ಅಂತ ಅರ್ಥ, ಅದು ಎಲ್ಲಕ್ಕಿಂತ ಅಪಾಯ. ಪಂಪ್ ಬಳಸಿದರೆ ಅದೇ ಅಭ್ಯಾಸ ಆಗಿಬಿಡುತ್ತೆ ಅಂತ ಹೆದರುವ ಅಪ್ಪ ಅಮ್ಮ ಇನ್ನೂ ಇದ್ದಾರೆ. ಅವರನ್ನು ಕೂರಿಸಿಕೊಂಡು, ಔಷಧಿ ನೇರವಾಗಿ ಶ್ವಾಸಕೋಶಕ್ಕೆ ಹೋಗುತ್ತೆ, ಸಿರಪ್‌ಗಿಂತ ಕಡಿಮೆ ಪ್ರಮಾಣ ಸಾಕು ಅಂತ ತಾಳ್ಮೆಯಿಂದ ಹೇಳಿ.

ಟೈಪ್ 1 ಡಯಾಬಿಟಿಸ್ ಇರುವ ಮಗು ದಿನಕ್ಕೆ ಎಷ್ಟೋ ಸಲ ಬೆರಳು ಚುಚ್ಚಿಕೊಳ್ಳಬೇಕು, ಊಟಕ್ಕೆ ಮುಂಚೆ ಇನ್ಸುಲಿನ್ ತಗೋಬೇಕು. ನಾಚಿಕೆಗೆ ಟಾಯ್ಲೆಟ್‌ನಲ್ಲಿ ನಿಂತು ಚುಚ್ಚಿಕೊಳ್ಳುವ ಮಕ್ಕಳಿದ್ದಾರೆ. ನಿಮ್ಮ ರೂಮಿನಲ್ಲಿ ಪರದೆ ಹಿಂದೆ ಅದಕ್ಕೊಂದು ಕುರ್ಚಿ ಇರಲಿ, ಇನ್ಸುಲಿನ್‌ಗೆ ಫ್ರಿಜ್ಜಿನಲ್ಲಿ ಜಾಗ ಇರಲಿ, ಫ್ರೀಜರ್‌ನಲ್ಲಿ ಮಾತ್ರ ಇಡಬೇಡಿ. ಬೆವರು, ನಡುಕ, ಸುಮ್ನೆ ಸಿಡಿಮಿಡಿ, ಲೆಕ್ಕ ಮಾಡುವಾಗ ತಬ್ಬಿಬ್ಬು, ಇವೆಲ್ಲ ಶುಗರ್ ಇಳಿಯುತ್ತಿರುವ ಲಕ್ಷಣ. ಶುಗರ್ 70 ಮಿ.ಗ್ರಾಂ/ಡಿಎಲ್‌ಗಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ನೀರಿಗೆ ಕಲಸಿ ಕೊಡಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಸರಿಹೋದ ಮೇಲೆ ಬಿಸ್ಕೆಟ್ಟೋ ಇಡ್ಲಿಯೋ ತಿನ್ನಲಿ. ಆ ಹೊತ್ತಿನಲ್ಲಿ ಮಗುವನ್ನು ಒಂಟಿಯಾಗಿ ಸಿಕ್ ರೂಮಿಗೆ ಕಳಿಸಬಾರದು, ಸಕ್ಕರೆಯೇ ಮಗು ಇರುವಲ್ಲಿಗೆ ಹೋಗಬೇಕು, ಇದನ್ನು ಟೀಚರ್‌ಗಳಿಗೆ ಪದೇ ಪದೇ ಹೇಳಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಒಂದು ಮಗ್ಗುಲಿಗೆ ಮಲಗಿಸಿ, ಡಾಕ್ಟರ್ ಶುಗರ್ ಏರಿಸುವ ಗ್ಲುಕಗಾನ್ ಬರೆದಿದ್ದರೆ ಅದನ್ನು ಕೊಟ್ಟು 108ಕ್ಕೆ ಕರೆ ಮಾಡಿ. ಪರೀಕ್ಷೆ ಹಾಲ್‌ಗೆ ತಿಂಡಿ ಬಿಡಲ್ಲ ಅಂತ ಯಾರಾದರೂ ಹೇಳಿದರೆ, ಸಿಬಿಎಸ್‌ಇ ಬೋರ್ಡ್ ಪರೀಕ್ಷೆಯಲ್ಲೇ 2017ರಿಂದ ಈ ಮಕ್ಕಳಿಗೆ ತಿಂಡಿ ತಗೊಂಡು ಹೋಗುವುದಕ್ಕೆ ಅನುಮತಿ ಇದೆ ಅಂತ ನೆನಪಿಸಿ.

ಫಿಟ್ಸ್ ಬಂದಾಗ ಮಗುವಿಗಿಂತ ಜಾಸ್ತಿ ಸುತ್ತಲಿನವರನ್ನು ನಿಭಾಯಿಸಬೇಕು. ಒಬ್ಬರು ಕೈಗೆ ಕಬ್ಬಿಣದ ಬೀಗದ ಕೈ ಕೊಡುತ್ತಾರೆ, ಇನ್ನೊಬ್ಬರು ಈರುಳ್ಳಿ ಮೂಸಿಸುತ್ತಾರೆ, ಮತ್ತೊಬ್ಬರು ಹಲ್ಲಿನ ಮಧ್ಯೆ ಚಮಚ ಇಡಲು ನೋಡುತ್ತಾರೆ. ಎಲ್ಲರನ್ನೂ ದೂರ ನಿಲ್ಲಿಸಿ. ಮೊದಲು ಗಡಿಯಾರ ನೋಡಿ. ಬೆಂಚು ಪಕ್ಕಕ್ಕೆ ಸರಿಸಿ, ತಲೆ ಕೆಳಗೆ ಸ್ವೆಟರ್ ಇಡಿ, ಟೈ ಸಡಿಲಿಸಿ, ಒಂದು ಮಗ್ಗುಲಿಗೆ ತಿರುಗಿಸಿ. ಕೈಕಾಲು ಒತ್ತಿ ಹಿಡಿಯಬೇಡಿ. 5 ನಿಮಿಷ ದಾಟಿದರೆ, ಅಥವಾ ಒಂದು ನಿಂತು ಪ್ರಜ್ಞೆ ಬರುವ ಮೊದಲೇ ಇನ್ನೊಂದು ಬಂದರೆ 108. ಕೆಲವು ಮಕ್ಕಳಿಗೆ ಮೂಗಿಗೆ ಹಾಕುವ ಮಿಡಜೋಲಂ ಸ್ಪ್ರೇ ಬರೆದಿರುತ್ತಾರೆ, ಯಾವಾಗ ಎಷ್ಟು ಅನ್ನುವುದು ಆ ಮಗುವಿನ ಹಾಳೆಯಲ್ಲಿರಬೇಕು. ಎಚ್ಚರವಾದಾಗ ಯೂನಿಫಾರಂ ಒದ್ದೆಯಾಗಿರಬಹುದು. ಒಂದು ಜೊತೆ ಬಟ್ಟೆ ಸಿಕ್ ರೂಮಿನಲ್ಲಿ ಸದಾ ಇರಲಿ. ಆ ಮಗು ಮರುದಿನ ಶಾಲೆಗೆ ಬರುತ್ತದೋ ಇಲ್ಲವೋ ಅನ್ನುವುದು ಎಷ್ಟೋ ಸಲ ಆ ಒಂದು ಚಡ್ಡಿಯಿಂದ ನಿರ್ಧಾರ ಆಗುತ್ತದೆ.

ಜೋರು ಅಲರ್ಜಿ ಅಪರೂಪ, ಆದರೆ ಕಾಯುವುದಕ್ಕೆ ಸಮಯ ಇರುವುದಿಲ್ಲ. ಕಡಲೆಕಾಯಿ, ಗೋಡಂಬಿ, ಜೇನುಹುಳ, ಯಾವುದೇ ಇರಲಿ, ಮೈ ದದ್ದಿನ ಜೊತೆ ಉಸಿರು ಕಟ್ಟಿದರೆ, ದನಿ ಗೊಗ್ಗರಾದರೆ, ತಲೆ ಸುತ್ತಿ ಬಿದ್ದರೆ ಅಡ್ರಿನಲಿನ್ ಬೇಕು. ಪೆನ್ ಥರದ ಇಂಜೆಕ್ಷನ್ ನಮ್ಮಲ್ಲಿ ಸುಲಭವಾಗಿ ಸಿಗುವುದಿಲ್ಲ, ಹಾಗಾಗಿ 1 ಮಿ.ಲೀ.ಗೆ 1 ಮಿ.ಗ್ರಾಂ ಇರುವ ಆಂಪ್ಯೂಲ್, ಸಿರಿಂಜ್ ಇಟ್ಟುಕೊಳ್ಳಬೇಕು. ಕೆಜಿಗೆ 0.01 ಮಿ.ಗ್ರಾಂ, ಮಕ್ಕಳಿಗೆ ಒಂದು ಸಲಕ್ಕೆ 0.3 ಮಿ.ಗ್ರಾಂ ಮೀರದ ಹಾಗೆ, ತೊಡೆಯ ಹೊರಬದಿಯ ಸ್ನಾಯುವಿಗೆ. ಇದು ಸ್ಟ್ಯಾಂಡಿಂಗ್ ಆರ್ಡರ್‌ನಲ್ಲಿ ಸ್ಪಷ್ಟವಾಗಿ ಇರಲೇಬೇಕು. ಅಲರ್ಜಿ ಮಾತ್ರೆ ಸೆಟ್ರಿಜಿನ್ ಕೊಟ್ಟು ನೋಡೋಣ ಅಂತ ಕೂರಬೇಡಿ. ಮಗುವನ್ನು ಮಲಗಿಸಿ ಕಾಲು ಎತ್ತಿಡಿ, ಉಸಿರಾಟ ಕಷ್ಟ ಇದ್ದರೆ ಕೂರಿಸಿ, ಎದ್ದು ನಡೆಯಲು ಮಾತ್ರ ಬಿಡಬೇಡಿ. ಇಂಜೆಕ್ಷನ್ ಆದ ಮೇಲೆ ಚೆನ್ನಾಗಿ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು.

ರಿಜಿಸ್ಟರ್ ಓದಿ, ಬರೀ ಬರೆಯಬೇಡಿ

ದಿನಾ ಬರುವವರಲ್ಲಿ ಹೆಚ್ಚಿನವರದ್ದು ಹೊಟ್ಟೆನೋವು, ತಲೆನೋವು. ಬರುವ ಪ್ರತಿ ಮಗುವಿನ ಹೆಸರು, ಕ್ಲಾಸ್, ಬಂದ ಹೊತ್ತು, ಏನು ಹೇಳಿತು, ಏನು ನೋಡಿದಿರಿ, ಏನು ಮಾಡಿದಿರಿ, ಎಷ್ಟು ಹೊತ್ತಿಗೆ ಹೋಯಿತು, ಇಷ್ಟನ್ನೂ ಬರೆಯುತ್ತೀರಿ. ಜೊತೆಗೆ ಇನ್ನೆರಡು ಕಾಲಂ ಹಾಕಿಕೊಳ್ಳಿ: ಬೆಳಗ್ಗೆ ಏನು ತಿಂದಿದ್ದು, ಯಾವ ಪೀರಿಯಡ್ ಬಿಟ್ಟು ಬಂದಿದ್ದು. ಪ್ರತಿ ಶುಕ್ರವಾರ ಹಿಂದಿನ ಪುಟಗಳನ್ನು ತಿರುವಿ ಹಾಕಿ.

ಉದಾಹರಣೆಗೆ ಹೀಗೊಂದು ಸಾಲು: 'ಮಂಗಳವಾರ, 10.40, 5ನೇ ಬಿ, ಹೊಟ್ಟೆನೋವು, ಹೊಕ್ಕುಳ ಸುತ್ತ, ಜ್ವರ ಇಲ್ಲ, ವಾಂತಿ ಇಲ್ಲ, ಒತ್ತಿದರೆ ನೋವಿಲ್ಲ, ಬೆಳಗ್ಗೆ ಹಾಲು ಮಾತ್ರ.' ಒಂದೇ ಸಾಲು ನೋಡಿದರೆ ಏನೂ ಇಲ್ಲ. ನಾಲ್ಕು ವಾರ ಅದೇ ಮಗು, ಅದೇ ಮಂಗಳವಾರ, ಅದೇ 10.40 ಬಂದಿದ್ದರೆ ಆಗ ವಿಷಯ ಬೇರೆ. ಟೈಮ್‌ಟೇಬಲ್ ತೆಗೆದು ನೋಡಿ. ಆ ಪೀರಿಯಡ್ ಯಾರದ್ದು? ಸ್ವಿಮ್ಮಿಂಗಾ, ಕನ್ನಡ ಡಿಕ್ಟೇಷನ್ನಾ, ಪಕ್ಕದಲ್ಲಿ ಕೂರುವ ಹುಡುಗ ಯಾರು? ಬಲಗಡೆ ಕೆಳಹೊಟ್ಟೆಗೆ ನೋವು ಸರಿದು, ಕುಂಟುತ್ತಾ ಬಂದು, ಜ್ವರವೂ ಇದ್ದರೆ ಅದು ಅಪೆಂಡಿಕ್ಸ್ ಇರಬಹುದು, ತಕ್ಷಣ ಆಸ್ಪತ್ರೆ. ಇದು ನಮಗೆಲ್ಲ ಗೊತ್ತು. ಆದರೆ ಶಾಲೆಯಲ್ಲಿ ಬರುವ ಹೊಟ್ಟೆನೋವಿನ ಹಿಂದೆ ಬೇರೆ ಕಾರಣಗಳೇ ಜಾಸ್ತಿ.

ಒಂದು, ಹಸಿವು. ವ್ಯಾನು ಆರೂವರೆಗೆಲ್ಲ ಬಂದುಬಿಡುತ್ತದೆ, ಮಗು ಒಂದು ಲೋಟ ಹಾಲು ಕುಡಿದು ಓಡಿ ಬಂದಿರುತ್ತದೆ. ಬೆಳಗಿನ ಪ್ರಾರ್ಥನೆಯಲ್ಲಿ ತಲೆ ಸುತ್ತಿ ಬೀಳುವವರೂ ಇವರೇ. ಮಲಗಿಸಿ, ಕಾಲು ಎತ್ತಿಡಿ, ಎಚ್ಚರವಾದ ಮೇಲೆ ತಿನ್ನಲು ಕೊಡಿ, ಮನೆಗೆ ಒಂದು ಚೀಟಿ ಬರೆಯಿರಿ. ಇನ್ನೊಂದು, ಟಾಯ್ಲೆಟ್. ಗಲೀಜು ಇದೆ, ಚಿಲಕ ಇಲ್ಲ ಅಂತ ಹೆಣ್ಣುಮಕ್ಕಳು ಬೆಳಗ್ಗಿನಿಂದ ಸಂಜೆವರೆಗೆ ನೀರೇ ಕುಡಿಯುವುದಿಲ್ಲ. ಉರಿ ಮೂತ್ರ, ತಲೆನೋವು, ಮಲಬದ್ಧತೆ ಎಲ್ಲ ಅಲ್ಲಿಂದಲೇ. ಇದಕ್ಕೆ ಔಷಧಿ ನಿಮ್ಮ ಕಪಾಟಿನಲ್ಲಿಲ್ಲ. ರಿಜಿಸ್ಟರ್ ತಗೊಂಡು ಪ್ರಿನ್ಸಿಪಾಲ್ ಹತ್ತಿರ ಹೋಗಿ, ಈ ಮಹಡಿಯಿಂದಲೇ ಇಷ್ಟು ಮಕ್ಕಳು ಬಂದಿದ್ದಾರೆ, ಚಿಲಕ ಹಾಕಿಸಿ ಅಂತ ತೋರಿಸಿ. ಅಂಕಿ ಇಟ್ಟು ಮಾತಾಡಿದರೆ ಕೆಲಸ ಆಗುತ್ತದೆ.

ಮೂರನೆಯದು ಭಯ. ಹೊಡೆತ, ಗೇಲಿ, ಮನೆಯಲ್ಲಿ ಜಗಳ, ಕೆಲವೊಮ್ಮೆ ಇದಕ್ಕಿಂತ ಕೆಟ್ಟದ್ದು. ಸಿಕ್ ರೂಮಿನ ಮಂಚದ ಮೇಲೆ ಕೂತು ಕಾಲು ಆಡಿಸುತ್ತಾ ಮಗು ಒಂದು ಮಾತು ಹೇಳಿಬಿಡುತ್ತದೆ. ಆಗ ಬೆಚ್ಚಿ ಬೀಳಬೇಡಿ. 'ಹೇಳಿದ್ದು ಒಳ್ಳೇದಾಯ್ತು ಪುಟ್ಟ, ನಿನ್ನ ತಪ್ಪು ಏನೂ ಇಲ್ಲ' ಅಷ್ಟು ಸಾಕು. ಯಾವಾಗ, ಎಷ್ಟು ಸಲ, ಯಾಕೆ ಮೊದಲೇ ಹೇಳಲಿಲ್ಲ ಅಂತ ವಿಚಾರಣೆ ಮಾಡಬೇಡಿ, ಯಾರಿಗೂ ಹೇಳಲ್ಲ ಅಂತ ಮಾತು ಕೊಡಬೇಡಿ. ಮಗು ಆಡಿದ ಮಾತನ್ನು ಅದೇ ಪದಗಳಲ್ಲಿ, ದಿನಾಂಕ ಹೊತ್ತು ಹಾಕಿ, ಎಲ್ಲರೂ ನೋಡುವ ರಿಜಿಸ್ಟರ್‌ನಲ್ಲಲ್ಲ, ಬೇರೆ ಹಾಳೆಯಲ್ಲಿ ಬರೆದು ಬೀಗ ಹಾಕಿಡಿ. 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ 21ನೇ ಕಲಂನಲ್ಲಿ ಶಿಕ್ಷೆ ಇದೆ. ಮ್ಯಾನೇಜ್‌ಮೆಂಟ್‌ಗೆ ಹೇಳಿದೆ, ನನ್ನ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಶಾಲೆಯ ಹೆಸರು ಹಾಳಾಗುತ್ತೆ, ಒಳಗೇ ನೋಡಿಕೊಳ್ಳೋಣ ಅಂದರೂ ಒಪ್ಪಬೇಡಿ. ಮಕ್ಕಳ ಸಹಾಯವಾಣಿ 1098 ಇದೆ, ಅಲ್ಲಿಗೆ ಕರೆ ಮಾಡಿದರೆ ಮುಂದೇನು ಅಂತ ಹೇಳುತ್ತಾರೆ. ಮಗು ಸಾಯುವ ಮಾತಾಡಿದರೆ, ಕೈ ಕೊಯ್ದುಕೊಂಡ ಗುರುತು ಕಂಡರೆ ಅದನ್ನು ನಾಟಕ ಅನ್ನಬೇಡಿ. ಮಗುವನ್ನು ಒಂಟಿಯಾಗಿ ಬಿಡಬೇಡಿ, ಅವತ್ತೇ ಅಪ್ಪ ಅಮ್ಮನನ್ನು ಕರೆಸಿ, ಕೌನ್ಸೆಲರ್‌ಗೆ ತಿಳಿಸಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಬಿದ್ದದ್ದು, ಸುಟ್ಟದ್ದು, ಕಚ್ಚಿದ್ದು

ಇದು ನಿಮಗೆ ಗೊತ್ತಿರುವುದೇ, ಬೇಗ ಹೇಳಿ ಮುಗಿಸುತ್ತೇನೆ. ಮೂಗಿನಲ್ಲಿ ರಕ್ತ ಬಂದರೆ ತಲೆ ಹಿಂದಕ್ಕಲ್ಲ, ಮುಂದಕ್ಕೆ ಬಾಗಿಸಿ ಮೂಗಿನ ಮೆತ್ತನೆ ಭಾಗವನ್ನು 10 ನಿಮಿಷ ಬಿಡದೆ ಒತ್ತಿ. ಲ್ಯಾಬಿನಲ್ಲೋ ಕ್ಯಾಂಟೀನಿನಲ್ಲೋ ಸುಟ್ಟುಕೊಂಡರೆ ಹರಿಯುವ ನೀರಿನ ಕೆಳಗೆ 20 ನಿಮಿಷ, ಟೂತ್‌ಪೇಸ್ಟ್, ಇಂಕು, ಐಸ್ ಯಾವುದೂ ಬೇಡ. ಶಾಶ್ವತ ಹಲ್ಲು ಬೇರು ಸಮೇತ ಕಿತ್ತು ಬಂದರೆ ಬೇರು ಮುಟ್ಟದೆ ಮೇಲ್ಭಾಗ ಹಿಡಿದು ಎತ್ತಿ, ಸ್ಟಾಫ್ ರೂಮಿನ ಟೀಗೆ ತಂದ ತಣ್ಣನೆ ಹಾಲಿನಲ್ಲಿ ಹಾಕಿ, ಒಂದು ಗಂಟೆಯೊಳಗೆ ಹಲ್ಲಿನ ಡಾಕ್ಟರ್ ಹತ್ತಿರ ಹೋದರೆ ಮತ್ತೆ ಕೂರಿಸುವ ಅವಕಾಶ ಇದೆ. ಹಾಲುಹಲ್ಲಾದರೆ ವಾಪಸ್ ಕೂರಿಸುವ ಪ್ರಶ್ನೆ ಇಲ್ಲ.

ತಲೆಗೆ ಪೆಟ್ಟು ಬಿದ್ದ ಮಗುವನ್ನು ಕ್ಲಾಸಿಗೆ ಕಳಿಸಿ ಮರೆತುಬಿಡಬೇಡಿ. ವಾಂತಿ, ಮಂಪರು, ಜಾಸ್ತಿಯಾಗುವ ತಲೆನೋವು, ಒಂದು ಪಾಪೆ ದೊಡ್ಡದು ಒಂದು ಚಿಕ್ಕದು, ಕಿವಿಯಿಂದ ಮೂಗಿನಿಂದ ತಿಳಿ ನೀರು, ಇದರಲ್ಲಿ ಒಂದಿದ್ದರೂ ತಕ್ಷಣ ಆಸ್ಪತ್ರೆ. ಏನೂ ಇಲ್ಲದಿದ್ದರೂ ಅವತ್ತೇ ಮನೆಗೆ ಫೋನ್ ಮಾಡಿ, ಎರಡು ದಿನ ಏನೇನು ಗಮನಿಸಬೇಕು ಅಂತ ಬರೆದು ಡೈರಿಗೆ ಅಂಟಿಸಿ ಕಳಿಸಿ.

ಬೆಂಗಳೂರಿನಲ್ಲಿ ಶಾಲೆ ಗೇಟಿನ ಹತ್ತಿರ ನಾಯಿ ಕಚ್ಚುವುದು ಹೊಸದೇನಲ್ಲ. ಪರಚಿದರೂ ಅದು ಕಚ್ಚಿದ ಲೆಕ್ಕವೇ. ನಲ್ಲಿ ಕೆಳಗೆ ಸೋಪು ಹಾಕಿ 15 ನಿಮಿಷ ತೊಳೆಯಿರಿ, ಗಡಿಯಾರ ನೋಡಿಕೊಂಡೇ ತೊಳೆಯಿರಿ, ಯಾಕೆಂದರೆ 15 ನಿಮಿಷ ನಾವು ಅಂದುಕೊಂಡದ್ದಕ್ಕಿಂತ ತುಂಬಾ ಉದ್ದ. ಅರಿಶಿನ, ಸುಣ್ಣ, ಖಾರದಪುಡಿ ಹಚ್ಚಬೇಡಿ, ಬಿಗಿಯಾಗಿ ಕಟ್ಟಬೇಡಿ. ರೇಬೀಸ್ ಚುಚ್ಚುಮದ್ದು ಅದೇ ದಿನ ಶುರುವಾಗಬೇಕು, ರಕ್ತ ಬಂದಿದ್ದರೆ ಇಮ್ಯುನೋಗ್ಲಾಬ್ಯುಲಿನ್ ಕೂಡ ಬೇಕು. ಒಂದು ಡೋಸ್ ಹಾಕಿಸಿ ಬಿಟ್ಟುಬಿಡುವವರು ಬಹಳ. ಮುಂದಿನ ತಾರೀಕುಗಳನ್ನು ನಿಮ್ಮ ಕ್ಯಾಲೆಂಡರ್‌ನಲ್ಲೂ ಗುರುತು ಹಾಕಿಕೊಂಡು ಫೋನ್ ಮಾಡಿ ಕೇಳಿ.

ಒಬ್ಬರಿಂದ ಒಬ್ಬರಿಗೆ

ಸೀತಾಳೆ ಸಿಡುಬು ಬಂದ ಮಗು ಎಲ್ಲ ಗುಳ್ಳೆ ಒಣಗಿ ಹಕ್ಕಳೆ ಕಟ್ಟುವವರೆಗೆ ಮನೆಯಲ್ಲಿರಬೇಕು. ಮನೆಯವರು 'ಅಮ್ಮ ಬಂದಿದೆ' ಅಂತ ಹೇಳಿ ಬೇವಿನ ಸೊಪ್ಪು ಇಟ್ಟಿದ್ದರೆ ಆ ನಂಬಿಕೆಯ ಜೊತೆ ಜಗಳ ಬೇಡ, ಡಾಕ್ಟರ್‌ಗೂ ಒಂದು ಸಲ ತೋರಿಸಿ ಅನ್ನಿ, ಉಗುರು ಕತ್ತರಿಸಿ ಅನ್ನಿ. ಮಂಗನಬಾವು ಬಂದರೆ ಊತ ಶುರುವಾದ ಮೇಲೆ 5 ದಿನ ರಜೆ. ಹೇನು ಇದ್ದರೆ ರಜೆ ಬೇಡವೇ ಬೇಡ, ಎಲ್ಲರೆದುರು ತಲೆ ನೋಡಬೇಡಿ, ಅಮ್ಮನಿಗೆ ಮಾತ್ರ ಗುಟ್ಟಾಗಿ ತಿಳಿಸಿ. ಯಾವ ಮಗುವಿಗೆ ಏನು ಬಂದಿದೆ ಅನ್ನುವುದು ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹೋಗಬಾರದು. 'ಎರಡನೇ ಕ್ಲಾಸಿನಲ್ಲಿ ಸೀತಾಳೆ ಸಿಡುಬು ಕಂಡಿದೆ, ಲಕ್ಷಣ ಇದ್ದರೆ ಕಳಿಸಬೇಡಿ' ಅಷ್ಟೇ ಸಾಕು, ಹೆಸರು ಬೇಡ.

ಮಳೆಗಾಲದಲ್ಲಿ ಡೆಂಗ್ಯೂ. 2024ರಲ್ಲಿ ಸರ್ಕಾರ ಇದನ್ನು ಸಾಂಕ್ರಾಮಿಕ ಅಂತ ಘೋಷಿಸುವಷ್ಟು ಹೆಚ್ಚಾಗಿತ್ತು. ಈ ಸೊಳ್ಳೆ ಕಚ್ಚುವುದು ಹಗಲು ಹೊತ್ತು, ಅಂದರೆ ಮಕ್ಕಳು ನಮ್ಮ ಹತ್ತಿರ ಇರುವಾಗಲೇ. ಮೊಟ್ಟೆಯಿಂದ ಸೊಳ್ಳೆ ಆಗಲು ಹೆಚ್ಚುಕಮ್ಮಿ ಒಂದು ವಾರ ಸಾಕು, ಹಾಗಾಗಿ ವಾರಕ್ಕೊಂದು ದಿನ ಗುರುತು ಮಾಡಿಕೊಂಡು ಆಯಾ, ಮಾಲಿ ಇಬ್ಬರನ್ನೂ ಕರೆದುಕೊಂಡು ಶಾಲೆ ಸುತ್ತಿ. ಹೂಕುಂಡದ ತಟ್ಟೆ, ಆಟದ ಮೈದಾನದ ಹಳೆ ಟೈರು, ತಾರಸಿಯ ಮೂಲೆ, ಸಂಪಿನ ಮುಚ್ಚಳ ನೋಡಿ. ಡೆಂಗ್ಯೂ ಇರಬಹುದಾದ್ದರಿಂದ ಈ ಕಾಲದಲ್ಲಿ ಜ್ವರ ಇರುವ ಮಗುವಿಗೆ ಐಬುಪ್ರೊಫೆನ್, ಆಸ್ಪಿರಿನ್ ಕೊಡಲೇಬಾರದು. ಪ್ಯಾರಾಸಿಟಮಾಲ್ ಆದರೆ ಕೆಜಿಗೆ 15 ಮಿ.ಗ್ರಾಂ, ಕೊಡುವ ಮೊದಲು ಮನೆಯಲ್ಲಿ ಎಷ್ಟು ಹೊತ್ತಿಗೆ ಕೊಟ್ಟು ಕಳಿಸಿದ್ದೀರಿ ಅಂತ ಫೋನ್ ಮಾಡಿ ಕೇಳಿ. ಜ್ವರ ಇಳಿಸಿ ಶಾಲೆಗೆ ಕಳಿಸುವ ಮನೆಗಳು ತುಂಬಾ ಇವೆ, ಇಬ್ಬರಿಗೂ ಕೆಲಸ ಇರುತ್ತದೆ, ಬೈಯಬೇಡಿ, ಆದರೆ ಕೇಳದೆ ಇನ್ನೊಂದು ಡೋಸ್ ಕೊಡಬೇಡಿ.

ವರ್ಷಕ್ಕೊಮ್ಮೆ ಮಾಡುವ ತಪಾಸಣೆ

ಸರ್ಕಾರಿ ಶಾಲೆಗಳಿಗೆ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬರುತ್ತದೆ. ಖಾಸಗಿ ಶಾಲೆಯಲ್ಲಿ ನೀವೇ ಶುರು ಮಾಡಬೇಕು. ಎತ್ತರ, ತೂಕ, ಹಲ್ಲು, ಕಿವಿ, ಕಣ್ಣು. ಕಣ್ಣಿಗೆ ಮಾತ್ರ ಸಮಯ ಕೊಡಿ. 6 ಮೀಟರ್ ಅಳೆದು ನೆಲಕ್ಕೆ ಟೇಪ್ ಅಂಟಿಸಿ, ಒಂದೊಂದೇ ಕಣ್ಣು ಮುಚ್ಚಿಸಿ, ಬೆರಳ ಸಂದಿಯಲ್ಲಿ ಇಣುಕದ ಹಾಗೆ ಅಂಗೈಯಿಂದ ಮುಚ್ಚಿಸಿ. ಬೋರ್ಡ್ ಕಾಣದೆ ಪಕ್ಕದವರದ್ದು ನೋಡಿ ಬರೆದು ಬೈಸಿಕೊಳ್ಳುವ ಮಗು ಪ್ರತಿ ಕ್ಲಾಸಿನಲ್ಲೂ ಇರುತ್ತದೆ.

ಫೆಬ್ರವರಿ 10, ಆಗಸ್ಟ್ 10 ಜಂತುಹುಳು ನಿವಾರಣಾ ದಿನ. ಖಾಸಗಿ ಶಾಲೆಗಳಿಗೂ ಅನ್ವಯ, ಮಾತ್ರೆಗೆ ನಿಮ್ಮ ಏರಿಯಾದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊದಲೇ ಮಾತಾಡಿ. ಆಲ್ಬೆಂಡಜೋಲ್ 400 ಮಿ.ಗ್ರಾಂ, ನಿಮ್ಮೆದುರೇ ಅಗಿದು ತಿನ್ನಬೇಕು, ಜ್ವರ ಇರುವವರಿಗೆ ಅವತ್ತು ಬೇಡ. 10 ಮತ್ತು 16 ವರ್ಷಕ್ಕೆ ಟಿಡಿ (ಧನುರ್ವಾಯು, ಗಂಟಲಮಾರಿ ತಡೆಯುವ) ಚುಚ್ಚುಮದ್ದು ಇದೆ ಅನ್ನುವುದು ಎಷ್ಟೋ ಅಪ್ಪ ಅಮ್ಮನಿಗೆ ಗೊತ್ತೇ ಇರುವುದಿಲ್ಲ. ಮುಟ್ಟಾಗುವ ಹೆಣ್ಣುಮಕ್ಕಳಲ್ಲಿ ಸುಸ್ತು, ಬಿಳಿಚಿದ ರೆಪ್ಪೆ ಕಂಡರೆ ಹಿಮೋಗ್ಲೋಬಿನ್ ಮಾಡಿಸಿ ಅಂತ ಹೇಳಿ, 12 ದಾಟಿದ ಹುಡುಗಿಯರಿಗೆ ಅದು 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಸರ್ಕಾರಿ ಕಾರ್ಯಕ್ರಮದಲ್ಲಿ ವಾರಕ್ಕೊಂದು ನೀಲಿ ಕಬ್ಬಿಣದ ಮಾತ್ರೆ ಕೊಡುತ್ತಾರೆ. ಊಟ ಆದ ಮೇಲೆ ತಗೊಂಡರೆ ಹೊಟ್ಟೆ ತೊಳಸುವುದು ಕಡಿಮೆ. ಪ್ಯಾಡ್ ಕೇಳಲು ಬರುವವರು ಬಾಯಿ ಬಿಟ್ಟು ಕೇಳಬೇಕಾಗದ ಹಾಗೆ ಬಾಗಿಲ ಪಕ್ಕದ ಡ್ರಾಯರ್‌ನಲ್ಲಿ ಇಡಿ.

ಮನೆಗೆ ಫೋನ್ ಮಾಡುವಾಗ, ಟ್ರಿಪ್ ಹೋಗುವಾಗ

ಶಾಲೆಯ ನಂಬರ್ ನೋಡಿದ ತಕ್ಷಣ ಅಮ್ಮಂದಿರ ಎದೆ ಹೊಡೆದುಕೊಳ್ಳುತ್ತದೆ. ಹಾಗಾಗಿ ಮೊದಲ ವಾಕ್ಯದಲ್ಲೇ ಮಗು ಎಲ್ಲಿದೆ, ಹೇಗಿದೆ ಅಂತ ಹೇಳಿಬಿಡಿ. 'ಮೇಡಂ, ನಾನು ಸ್ಕೂಲಿಂದ ಸಿಸ್ಟರ್ ಮಾತಾಡೋದು. ಮಗು ನನ್ನ ಪಕ್ಕದಲ್ಲೇ ಕೂತಿದಾನೆ, ಮಾತಾಡ್ತಿದಾನೆ. ಆಟ ಆಡುವಾಗ ಬಿದ್ದು ಮೊಣಕೈ ಊದಿದೆ, ಎಕ್ಸ್‌ರೇ ಬೇಕಾಗಬಹುದು.' ಆಮೇಲೆ ಏನು ಮಾಡಿದ್ದೀರಿ, ಅವರು ಏನು ಮಾಡಬೇಕು. ಕೊನೆಗೆ ಮಗುವಿನ ಕೈಗೆ ಒಂದು ನಿಮಿಷ ಫೋನ್ ಕೊಡಿ. ಗಂಭೀರವಾಗಿದ್ದರೆ ಮುಚ್ಚಿಡಬೇಡಿ, ನೇರ ಆಸ್ಪತ್ರೆಗೆ ಬನ್ನಿ ಅಂತ ಹೇಳಿ, ಯಾವ ಆಸ್ಪತ್ರೆ, ಯಾವ ಗೇಟು ಅಂತ ಎರಡು ಸಲ ಹೇಳಿ.

ಬನ್ನೇರುಘಟ್ಟಕ್ಕೋ ನಂದಿಬೆಟ್ಟಕ್ಕೋ ಟ್ರಿಪ್ ಇದ್ದರೆ ಹಿಂದಿನ ವಾರವೇ ಹೋಗುವ ಮಕ್ಕಳ ಪಟ್ಟಿ ಕೇಳಿ ತಗೊಳ್ಳಿ. ಆ ನಾಲ್ಕು ಗುಂಪಿನ ಮಕ್ಕಳು ಯಾರು, ಯಾವ ಬಸ್ಸಿನಲ್ಲಿ, ಅವರ ಪಂಪ್, ಇನ್ಸುಲಿನ್, ಸ್ಪ್ರೇ ಯಾರ ಬ್ಯಾಗಿನಲ್ಲಿ ಅಂತ ಬರೆದಿಡಿ. ಔಷಧಿ ಡಿಕ್ಕಿಯಲ್ಲಿ ಇಡಬೇಡಿ, ಮಗು ಕೂರುವ ಬಸ್ಸಿನ ಒಳಗೇ, ಜೊತೆಗಿರುವ ಟೀಚರ್ ಹತ್ತಿರ ಇರಲಿ. ದಾರಿಯಲ್ಲಿ ಬರುವ ಆಸ್ಪತ್ರೆಗಳ ಫೋನ್ ನಂಬರ್ ಸಮೇತ ಒಂದೇ ಹಾಳೆ ಮಾಡಿ, ಒಂದು ಪ್ರತಿ ಪ್ರತಿ ಬಸ್ಸಿನಲ್ಲಿ, ಒಂದು ಪ್ರತಿ ಶಾಲೆಯ ಆಫೀಸಿನಲ್ಲಿ ಇಟ್ಟು ಹೊರಡಿ.